ಹೊಗಳಿಕೆ ಸಾಕು, ಬದಲಿ ಆಳು ಬೇಕು

ಮಾನ್ಯ ಸಂಪಾದಕರೇ,

ರಕ್ಷಿಸಿ ತಂದ ನಾಯಿಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಸೊಂಟಕ್ಕೆ ಗಾಲಿ ಗಾಡಿ ಕಟ್ಟಿಕೊಂಡು ಓಡುವ ನಾಯಿಯ ಚಿತ್ರವನ್ನಂತೂ ಗೊತ್ತಿದ್ದವರೆಲ್ಲ ನನಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿದರು. ಇಂಥ ನಾಯಿಗಳನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವ ಫಾಸ್ಟರ್‌ಗಳನ್ನು ಲೇಖನದ ಕೊನೆಯಲ್ಲಿ 'ತ್ಯಾಗಮಯಿಗಳು' ಎಂದು ಹೊಗಳಿದ್ದೀರಿ. ಅದನ್ನು ಮನೆಯಲ್ಲಿ ಜೋರಾಗಿ ಓದಿ ಹೇಳಿದೆ. ನನ್ನಾಕೆ ನೆಲದ ಮೇಲೆ ಕೂತು ನಮ್ಮ ನಾಯಿ ಚುಕ್ಕಿಯ ಉಚ್ಚೆ ತೆಗೆಸುತ್ತಿದ್ದಳು. "ತ್ಯಾಗ ಆಮೇಲೆ ನೋಡೋಣ, ಮೊದಲು ಆ ಟವೆಲ್ ಈ ಕಡೆ ಕೊಡಿ" ಅಂದಳು.

ಹೊಗಳಿದ್ದಕ್ಕೆ ಬೇಜಾರಿಲ್ಲ. ಆದರೆ ಆ ಲೇಖನ ಓದಿದವರಿಗೆ ಏನನ್ನಿಸುತ್ತದೆ ಹೇಳಿ. ಇದೆಲ್ಲ ದೊಡ್ಡ ಮನಸ್ಸಿನವರ ಕೆಲಸ, ನಮ್ಮ ಕೈಲಾಗದು ಅಂತ ಕೆಲವರಿಗೆ. ಆ ನಾಯಿಗೆ ಮನೆ ಸಿಕ್ಕಿತಲ್ಲ, ಇನ್ನೇನು ಚಿಂತೆ ಅಂತ ಉಳಿದವರಿಗೆ. ಎರಡೂ ಸರಿಯಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿ ಹಾಕುವುದಾದರೆ ದಯವಿಟ್ಟು ಕೊನೆಯ ಭಾಗಕ್ಕೆ ಹಾಕಬೇಡಿ.

ನಾನು ಕೆಲಸದಲ್ಲಿದ್ದಷ್ಟು ಕಾಲ ಲೆಕ್ಕ ಬರೆದವನು. ನಿವೃತ್ತನಾದ ಮೇಲೆ ಈ ನಾಯಿಗಳ ಸಹವಾಸ. ಫಾಸ್ಟರ್ ಅಂದರೆ ಹೆಚ್ಚಿನವರು ಕೆಲವು ವಾರಗಳ ಮಾತು ಅಂದುಕೊಳ್ಳುತ್ತಾರೆ. ಮರಿ ಬೆಳೆಯುವವರೆಗೆ, ಗಾಯ ಮಾಯುವವರೆಗೆ, ದತ್ತು ತೆಗೆದುಕೊಳ್ಳುವವರು ಸಿಗುವವರೆಗೆ. ನಮ್ಮದು ಹಾಗಲ್ಲ. ನಮ್ಮ ಮನೆಗೆ ಬರುವ ನಾಯಿ ವಾಸಿಯಾಗಿ ಹೋಗುವುದಿಲ್ಲ. ದತ್ತು ಕೇಳಿಕೊಂಡು ಬಂದವರು ಔಷಧದ ಚೀಟಿ ನೋಡಿ ಹಿಂದೆ ಸರಿಯುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಒಂದು ನಾಯಿಯ ಇಡೀ ಆಯುಷ್ಯದ ಆಸ್ಪತ್ರೆ ಖರ್ಚು ಒಬ್ಬರ ತಲೆ ಮೇಲೆ ಬರುತ್ತದೆ ಅಂದರೆ ಯಾರೇ ಆದರೂ ಯೋಚನೆ ಮಾಡುತ್ತಾರೆ. ಹಾಗಂತ ಶೆಲ್ಟರ್‌ನಲ್ಲೇ ಇಟ್ಟುಕೊಳ್ಳಲೂ ಆಗುವುದಿಲ್ಲ. ಅಲ್ಲಿ ಒಬ್ಬ ಕೆಲಸಗಾರನಿಗೆ ಹತ್ತಾರು ನಾಯಿ. ಸೊಂಟ ಬಿದ್ದ ನಾಯಿ ಸಿಮೆಂಟ್ ನೆಲದಲ್ಲಿ ಹಿಂಗಾಲು ಎಳೆದುಕೊಂಡು ಓಡಾಡಿದರೆ ಸ್ವಲ್ಪ ದಿನಕ್ಕೇ ಪಾದದ ಮೇಲ್ಭಾಗ ಕಿತ್ತು ಹುಣ್ಣಾಗುತ್ತದೆ.

ಅದಕ್ಕೇ ಕೆಲವು ಸಂಸ್ಥೆಗಳು ನಡುವಿನ ದಾರಿ ಹಿಡಿದಿವೆ. ನಾಯಿ ಕೊನೆಯವರೆಗೂ ಸಂಸ್ಥೆಯದೇ. ಆಸ್ಪತ್ರೆ, ಔಷಧ ಅವರ ಲೆಕ್ಕಕ್ಕೆ. ಜಾಗ, ದುಡಿಮೆ, ಹೊತ್ತುಹೊತ್ತಿನ ಆರೈಕೆ ನಮ್ಮದು. ಕೇಳಲಿಕ್ಕೆ ಸರಳವಾಗಿದೆ. ಸಿಕ್ಕು ಇರುವುದು ದಿನದ ಕೆಲಸದಲ್ಲಿ.

ಚುಕ್ಕಿಯ ವಿಷಯವನ್ನೇ ಹೇಳುತ್ತೇನೆ. ಯಾವುದೋ ವಾಹನ ಗುದ್ದಿ ಬೆನ್ನುಹುರಿಗೆ ಪೆಟ್ಟಾಗಿದೆ. ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ. ಜನ ಕಾಲು ನೋಡಿ 'ಅಯ್ಯೋ ಪಾಪ' ಅನ್ನುತ್ತಾರೆ. ಕಾಲು ದೊಡ್ಡ ಸಮಸ್ಯೆಯೇ ಅಲ್ಲ ಸ್ವಾಮಿ, ಸಮಸ್ಯೆ ಮೂತ್ರಕೋಶದ್ದು. ಉಚ್ಚೆ ಬಂದಿದೆ ಎಂದು ಅವಳಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಹೊಯ್ಯಲು ಆಗುವುದಿಲ್ಲ. ದಿನಕ್ಕೆ 3–4 ಸಲ ನಾವೇ ಹೊಟ್ಟೆ ಒತ್ತಿ ತೆಗೆಸಬೇಕು. ಹಿಂಗಾಲುಗಳ ಮುಂದೆ ಹೊಟ್ಟೆಯ ಎರಡೂ ಪಕ್ಕಕ್ಕೆ ಅಂಗೈ ಇಟ್ಟು ತಡಕಿದರೆ ನೀರು ತುಂಬಿದ ಬಲೂನಿನ ಹಾಗೆ ಒಂದು ದುಂಡನೆಯ ವಸ್ತು ಸಿಗುತ್ತದೆ. ಅದನ್ನು ಬೆರಳ ತುದಿಯಿಂದ ಚಿವುಟಬಾರದು. ಎರಡೂ ಕಡೆಯಿಂದ ಸಮನಾಗಿ, ನಿಧಾನಕ್ಕೆ, ಬಿಡದೆ ಒತ್ತಬೇಕು. ಮೊದಲು ಒಂದು ಕ್ಷಣ ಏನೂ ಬರುವುದಿಲ್ಲ. ಆಮೇಲೆ ಧಾರೆ ಶುರುವಾಗುತ್ತದೆ. ಧಾರೆ ನಿಂತು, ಕೈಗೆ ಏನೂ ಸಿಗದೆ ಮೆತ್ತಗಾದಾಗ ಮುಗಿಯಿತು ಅಂತ ಲೆಕ್ಕ.

ಇಲ್ಲಿ ಹೊಸಬರಿಗೆ ಗೊತ್ತಿರಲೇಬೇಕಾದ ಒಂದು ವಿಷಯ ಇದೆ. ನಾಯಿ ಮಲಗಿದ ಕಡೆ ಹನಿ ಹನಿ ಉಚ್ಚೆ ಬಿದ್ದಿದ್ದರೆ, 'ತಾನೇ ಮಾಡಿಕೊಳ್ಳುತ್ತಿದೆ, ಒತ್ತುವುದು ಬೇಡ' ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ತುಂಬಿ ಹೊರಗೆ ಚೆಲ್ಲುತ್ತಿರುವುದು. ಒಳಗೆ ಇನ್ನೂ ಅಷ್ಟೇ ಇರುತ್ತದೆ. ನಿಂತ ಉಚ್ಚೆಯಲ್ಲಿ ಸೋಂಕು ಹತ್ತುತ್ತದೆ, ಸೋಂಕು ಮೂತ್ರಪಿಂಡಕ್ಕೆ ಏರಬಹುದು. ಸೊಂಟ ಬಿದ್ದ ನಾಯಿಗೆ ಉರಿಯ ಅರಿವೂ ಇರುವುದಿಲ್ಲವಲ್ಲ, ಹಾಗಾಗಿ ಅದು ಅಳುವುದೂ ಇಲ್ಲ. ನಾವೇ ಬಣ್ಣ, ವಾಸನೆ ನೋಡಿ ಕಂಡುಹಿಡಿಯಬೇಕು. ಮೂತ್ರ ಕದಡಿದಂತಿದ್ದರೆ, ವಾಸನೆ ಒಮ್ಮೆಲೇ ಗಾಟಾದರೆ ಅದೇ ದಿನ ಡಾಕ್ಟರ ಹತ್ತಿರ. ನನ್ನಾಕೆ ಟವೆಲ್ ಮೂಸಿ ನೋಡಿಯೇ ಹೇಳುತ್ತಾಳೆ. ಲ್ಯಾಬ್‌ನವರು ಬೇಸರ ಮಾಡಿಕೊಳ್ಳಬಾರದು, ಹೆಚ್ಚಿನ ಸಲ ಆಕೆ ಹೇಳಿದ್ದೇ ಸರಿ ಇರುತ್ತದೆ.

ಇದರ ಮೇಲೆ ಚರ್ಮದ ಕೆಲಸ. ಉಚ್ಚೆ ತಾಗಿದ ಜಾಗ ಒದ್ದೆ ಉಳಿದರೆ ಚರ್ಮ ಕೆಂಪಾಗಿ ಸುಲಿಯುತ್ತದೆ. ಒಂದೇ ಮಗ್ಗುಲಲ್ಲಿ ಜಾಸ್ತಿ ಹೊತ್ತು ಮಲಗಿದರೆ ಸೊಂಟದ ಮೂಳೆಯ ಮೇಲೆ ಹುಣ್ಣಾಗುತ್ತದೆ. ಹಾಗಾಗಿ ದಪ್ಪ ಹಾಸಿಗೆ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒರೆಸಿ ಒಣಗಿಸುವುದು. ಡಯಾಪರ್ ಹಾಕಿದರೆ ನಮಗೆ ಅನುಕೂಲ, ಚರ್ಮಕ್ಕೆ ಅಲ್ಲ. ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಒಳಗೊಳಗೇ ಬೇಯುತ್ತದೆ.

ಇನ್ನು ನೀವು ಹಾಕಿದ್ದ ಗಾಲಿ ಗಾಡಿ. ಅದು ಒಳ್ಳೆಯದೇ. ಚುಕ್ಕಿ ಗಾಡಿ ಕಂಡರೆ ಕುಣಿಯುತ್ತಾಳೆ, ಅಂದರೆ ಮುಂಗಾಲಲ್ಲಿ. ಆದರೆ ಗಾಡಿಯಲ್ಲಿ ನಾಯಿ ಸರಿಯಾಗಿ ಮಲಗಲಾರದು. ಪಟ್ಟಿ ಉಜ್ಜಿ ತೊಡೆ ಸಂದಿಯಲ್ಲಿ ಗಾಯವಾಗುತ್ತದೆ. ಹೊಸ್ತಿಲಿಗೆ ಸಿಕ್ಕಿಕೊಂಡು ಮಗುಚಿದರೆ ತಾನಾಗಿ ಏಳಲಾರದು. ಕೆಲವು ನಿಮಿಷದಿಂದ ಶುರು ಮಾಡಿ, ಕಣ್ಣ ಮುಂದೆ ಓಡಾಡಿಸಿ, ಬಿಚ್ಚಿಬಿಡಬೇಕು. ಗಾಡಿ ಕೊಡಿಸಿದರೆ ನಾಯಿ ಸರಿಹೋಯಿತು ಎಂದು ದುಡ್ಡು ಕಳಿಸುವವರು ತುಂಬಾ ಜನ. ಗಾಡಿಗೆ ಸಲೀಸಾಗಿ ದುಡ್ಡು ಬರುತ್ತದೆ, ಹಾಸಿಗೆ ಒಗೆಯುವ ಸೋಪಿಗೆ ಬರುವುದಿಲ್ಲ. ಲೆಕ್ಕ ಬರೆದವನಾಗಿ ಇದನ್ನು ಹೇಳಲೇಬೇಕು.

ಎಲ್ಲ ನಾಯಿಗೂ ಇಷ್ಟು ದುಡಿಮೆ ಬೇಕಿಲ್ಲ. ಇದನ್ನೂ ನಿಮ್ಮ ಲೇಖನ ಹೇಳಲಿಲ್ಲ. ಮೂರು ಕಾಲಿನ ನಾಯಿಗೆ ತೂಕ ಏರದಂತೆ ನೋಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಕುರುಡು ನಾಯಿ ಮನೆಯ ನಕ್ಷೆಯನ್ನು ಬೇಗ ಕಲಿಯುತ್ತದೆ, ನೀವು ಸುಮ್ನೆ ಕುರ್ಚಿ ಮೇಜು ಅತ್ತಿತ್ತ ಸರಿಸದಿದ್ದರೆ ಸಾಕು. ಕಿವುಡು ನಾಯಿಗೆ ಕೈಸನ್ನೆಯಲ್ಲಿ ಎಲ್ಲವನ್ನೂ ಕಲಿಸಬಹುದು. ಮಲಗಿದ್ದಾಗ ಮೈಮುಟ್ಟಿ ಬೆಚ್ಚಿಬೀಳಿಸಬಾರದು, ನೆಲ ತಟ್ಟಿ ಎಬ್ಬಿಸಬೇಕು. ಹೊರಗೆ ಹಗ್ಗ ಬಿಚ್ಚಬಾರದು, ಕೂಗಿದರೆ ಕೇಳುವುದಿಲ್ಲವಲ್ಲ. ಡಾಲ್ಮೇಷಿಯನ್ ತಳಿಯಲ್ಲಿ ಹುಟ್ಟುಕಿವುಡು ಜಾಸ್ತಿ. ಮಾತು ಕೇಳದ ಮೊಂಡು ನಾಯಿ ಅಂತ ಬಿಟ್ಟುಹೋದವುಗಳಲ್ಲಿ ಎಷ್ಟಕ್ಕೆ ನಿಜವಾಗಿಯೂ ಕಿವಿ ಕೇಳುತ್ತಿರಲಿಲ್ಲವೋ! ಇನ್ನು ಕೆಲವಕ್ಕೆ ಮೆಗಾಇಸೋಫೇಗಸ್ ಇರುತ್ತದೆ. ಅನ್ನನಾಳ ಸಡಿಲವಾಗಿ ತಿಂದದ್ದು ಕೆಳಗೆ ಇಳಿಯುವುದಿಲ್ಲ, ವಾಪಸ್ ಬರುತ್ತದೆ. ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಅಂಥ ನಾಯಿಯನ್ನು ನೆಟ್ಟಗೆ ಕೂರಿಸಿ ತಿನ್ನಿಸಿ, ತಿಂದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂರಿಸಬೇಕು. ಅದಕ್ಕೊಂದು ಕುರ್ಚಿ ಇದೆ, ಬೇಯ್ಲಿ ಚೇರ್ ಅಂತ. ಬೇಯ್ಲಿ ಎಂಬ ನಾಯಿಗಾಗಿ ಅದರ ಮನೆಯವರೇ ಮಾಡಿದ್ದು. ಇದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೆ.

ಚುಕ್ಕಿಗಿಂತ ಮೊದಲು ನಮ್ಮಲ್ಲಿ ರಾಜ ಇದ್ದ. ಡಿಸ್ಟೆಂಪರ್ ಎಂಬ ನಾಯಿರೋಗದಿಂದ ಬದುಕಿ ಉಳಿದವನು. ಡಿಸ್ಟೆಂಪರ್ ವೈರಸ್ ದಡಾರದ ವೈರಸ್ಸಿನ ಸಂಬಂಧಿ. ನಾಯಿಯ ಮೆದುಳು, ನರಗಳಿಗೂ ಹೋಗುತ್ತದೆ. ಜ್ವರ, ಕೆಮ್ಮು ಹೋದ ಮೇಲೂ ಕೆಲವಕ್ಕೆ ಒಂದು ಕಾಲೋ ದವಡೆಯೋ ಸದಾ ಅದುರುತ್ತಲೇ ಇರುತ್ತದೆ. ರಾಜನಿಗೆ ತಲೆ ಅದುರುತ್ತಿತ್ತು, ನಿದ್ದೆಯಲ್ಲೂ. ಅದರ ಜೊತೆಗೆ ಫಿಟ್ಸ್. ದಿನಕ್ಕೆ ಎರಡು ಹೊತ್ತು, 12 ಗಂಟೆಗೊಮ್ಮೆ, ಫೀನೋಬಾರ್ಬಿಟಾಲ್ ಮಾತ್ರೆ. ಆ ಮಾತ್ರೆ ಶುರುವಾದ ಮೇಲೆ ಅವನಿಗೆ ಹಸಿವು, ಬಾಯಾರಿಕೆ ಎರಡೂ ವಿಪರೀತ. ರಕ್ತದಲ್ಲಿ ಔಷಧ ಎಷ್ಟಿದೆ, ಲಿವರ್ ಹೇಗಿದೆ ಅಂತ ಆಗಾಗ ಪರೀಕ್ಷೆ ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯ, ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಫಿಟ್ಸ್ ಬರಬಹುದು. ಬಂದಾಗ ಬಾಯೊಳಗೆ ಕೈ ಹಾಕಬಾರದು, ನಾಯಿ ನಾಲಿಗೆ ನುಂಗುವುದಿಲ್ಲ, ನಿಮ್ಮ ಬೆರಳು ಹೋಗುತ್ತದೆ. ಸುತ್ತ ಇರುವ ಗಟ್ಟಿ ವಸ್ತು ಸರಿಸಿ ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ, ಅಥವಾ ಒಂದೇ ದಿನದಲ್ಲಿ ಮತ್ತೆ ಮತ್ತೆ ಬಂದರೆ, ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು.

ಇಷ್ಟನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಕೆಲಸ ಯಾವುದೂ ನಾಳೆಗೆ ನಿಲ್ಲುವಂಥದ್ದಲ್ಲ. ಉಚ್ಚೆ ತೆಗೆಸುವುದನ್ನು ಒಂದು ದಿನ ಬಿಡಲಾಗುವುದಿಲ್ಲ. ಮಾತ್ರೆ ಒಂದು ಹೊತ್ತು ತಪ್ಪಿಸುವಂತಿಲ್ಲ. ಹೀಗಿರುವಾಗ ನಮಗೆ ಜ್ವರ ಬಂದರೆ? ಹತ್ತಿರದವರ ಮದುವೆ ಇದ್ದರೆ? ಆರೋಗ್ಯವಾಗಿರುವ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಟ್ಟು ಹೋಗಬಹುದು. ಚುಕ್ಕಿಯ ಹೆಸರು ಹೇಳಿದರೆ ಅವರು, "ಉಚ್ಚೆ ಒತ್ತೋದೆಲ್ಲ ನಮಗೆ ಬರಲ್ಲ ಸಾರ್" ಅನ್ನುತ್ತಾರೆ. ಅದೂ ನಿಜವೇ, ಗೊತ್ತಿಲ್ಲದವರು ಒತ್ತಿದರೆ ಮೂತ್ರಕೋಶಕ್ಕೆ ಏಟಾಗಬಹುದು. ಹಾಗಾಗಿ ನಾನು, ನನ್ನಾಕೆ ಇಬ್ಬರೂ ಒಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಮನೆ. ಸಂಬಂಧಿಕರು ನಾವು ಜಗಳವಾಡಿಕೊಂಡಿದ್ದೇವೆ ಎಂದು ಮಾತಾಡಿಕೊಂಡರಂತೆ. ಇಬ್ಬರು ಇರುವ ಮನೆಯ ಕಥೆ ಇದು. ಒಬ್ಬರೇ ಇದ್ದು ಇಂಥ ನಾಯಿಯನ್ನು ನೋಡಿಕೊಳ್ಳುವವರು ನನಗೆ ಗೊತ್ತು. ಅವರು ತಮ್ಮದೇ ಆಪರೇಷನ್ ಮುಂದೂಡಿದ್ದಾರೆ.

ಫಾಸ್ಟರ್‌ಗಳು ನಾಯಿಯನ್ನು ವಾಪಸ್ ಕೊಟ್ಟರು ಅಂತ ಸಂಸ್ಥೆಯವರು ಬೇಸರ ಮಾಡಿಕೊಳ್ಳುವುದನ್ನು ಕೇಳಿದ್ದೇನೆ. ನಾನು ನೋಡಿದ ಮಟ್ಟಿಗೆ, ನಾಯಿಯ ಮೇಲೆ ಪ್ರೀತಿ ಕಡಿಮೆಯಾಗಿ ಯಾರೂ ವಾಪಸ್ ಕೊಡಲಿಲ್ಲ. ಒಂದು ವಾರ ಉಸಿರಾಡಲು ಬಿಡುವು ಸಿಕ್ಕಿದ್ದರೆ ಅವರು ಇನ್ನೂ ಎಷ್ಟೋ ವರ್ಷ ಇಟ್ಟುಕೊಳ್ಳುತ್ತಿದ್ದರು.

ಹಾಗಾಗಿ ನನ್ನ ಕೋರಿಕೆ ಇದು. ಇಂಥ ನಾಯಿಯನ್ನು ಮನೆಗೆ ಕೊಡುವಾಗಲೇ ಬದಲಿ ಆಳನ್ನು ಗೊತ್ತುಮಾಡಿ. ಒಂದು ನಾಯಿಗೆ ಒಂದು ಮನೆ ಸಾಲದು, ಎರಡು ಬೇಕು. ಒಂದರಲ್ಲಿ ನಾಯಿ ಇರುತ್ತದೆ. ಇನ್ನೊಂದು ಮನೆಯವರು ಮೊದಲ ದಿನದಿಂದಲೇ ಬಂದು ಹೋಗುತ್ತಾ, ಪಶುವೈದ್ಯರು ಒತ್ತುವುದನ್ನು ತೋರಿಸಿಕೊಡುವಾಗ ಪಕ್ಕದಲ್ಲಿ ನಿಂತು ಕಲಿತು, ನಾಯಿಗೂ ಪರಿಚಯವಾಗಿರಬೇಕು. ಅವರ ಹೆಸರು, ಫೋನ್ ನಂಬರ್ ಕರಾರಿನಲ್ಲಿ ಬರಬೇಕು.

ಕರಾರು ಅಂದೆ. ಹೆಚ್ಚಿನ ಕಡೆ ಅದು ಒಂದು ಪುಟ. ನಾಯಿಯನ್ನು ಮಾರಬಾರದು, ಕಟ್ಟಿಹಾಕಬಾರದು, ಕೇಳಿದಾಗ ವಾಪಸ್ ಕೊಡಬೇಕು. ನಮ್ಮ ಕರ್ತವ್ಯ ಮಾತ್ರ ಇರುತ್ತದೆ. ಆಸ್ಪತ್ರೆ ಖರ್ಚು ಯಾರದು ಅಂತ ಬಾಯಿಮಾತಲ್ಲಿ ಹೇಳಿರುತ್ತಾರೆ, ಕಾಗದದಲ್ಲಿ ಇರುವುದಿಲ್ಲ. ಸಂಸ್ಥೆ ನಡೆಸುವವರು ಬದಲಾದರೆ ಬಾಯಿಮಾತೂ ಬದಲಾಗುತ್ತದೆ. ರಾತ್ರಿ ಹೊತ್ತು ಎಮರ್ಜೆನ್ಸಿ ಬಂದರೆ ಎಷ್ಟರವರೆಗೆ ನಾವೇ ಖರ್ಚು ಮಾಡಬಹುದು, ಬಿಲ್ ಕೊಟ್ಟ ಮೇಲೆ ಯಾವಾಗ ವಾಪಸ್ ಬರುತ್ತದೆ, ಸಂಸ್ಥೆ ಮುಚ್ಚಿದರೆ ನಾಯಿ ಯಾರದು, ನಾವು ಸತ್ತರೆ ಯಾರು ಬಂದು ಕರೆದುಕೊಂಡು ಹೋಗುತ್ತಾರೆ. ಇದನ್ನೆಲ್ಲ ಕೇಳಿದರೆ ನಂಬಿಕೆ ಇಲ್ಲವೇ ಅನ್ನುತ್ತಾರೆ. ನಂಬಿಕೆ ಇರುವವರ ನಡುವೆಯೇ ಬರೆದಿಟ್ಟುಕೊಳ್ಳಬೇಕು, ಇಲ್ಲದವರ ನಡುವೆ ವ್ಯವಹಾರವೇ ಬೇಡವಲ್ಲ!

ಕಾಗದದಲ್ಲಿ ಇರಲೇಬೇಕಾದ ಇನ್ನೊಂದು ವಿಷಯ ಯಾರಿಗೂ ಮಾತಾಡಲು ಇಷ್ಟವಿಲ್ಲ. ದಯಾಮರಣದ ತೀರ್ಮಾನ ಯಾರದು? ರಾಜನ ಕೊನೆಯಲ್ಲಿ ಫಿಟ್ಸ್ ಒಂದರ ಹಿಂದೆ ಒಂದು ಬರತೊಡಗಿತು. ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಬಗ್ಗಲಿಲ್ಲ. ಎಚ್ಚರವಾದಾಗ ನಮ್ಮ ಗುರುತೂ ಸಿಗುತ್ತಿರಲಿಲ್ಲ. ಡಾಕ್ಟರು ಇನ್ನು ನೋಯಿಸುವುದು ಬೇಡ ಅಂದರು. ಆದರೆ ನಾಯಿ ನಮ್ಮದಲ್ಲ, ಸಹಿ ಹಾಕಬೇಕಾದವರು ಸಂಸ್ಥೆಯವರು. ಅವರಲ್ಲಿ ಒಬ್ಬರು ಒಪ್ಪಿದರು, ಇನ್ನೊಬ್ಬರು 'ಜೀವ ತೆಗೆಯುವುದು ನಮ್ಮ ನೀತಿಯಲ್ಲ' ಅಂದರು, ಮೂರನೆಯವರು ಫೋನ್ ಎತ್ತಲಿಲ್ಲ. ಅವರು ಚರ್ಚೆ ಮಾಡಿ ಮುಗಿಸುವವರೆಗೆ ರಾಜ ನಮ್ಮ ಹಾಲ್‌ನಲ್ಲಿ ಮಲಗಿದ್ದ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಮೊದಲೇ ಮಾತಾಡಿಕೊಳ್ಳದ ವಿಷಯವನ್ನು ಆ ರಾತ್ರಿ ಮಾತಾಡಬೇಕಾಯಿತು, ಅಷ್ಟೆ.

ಇದಕ್ಕೆ ಒಂದು ಅಳತೆ ಸಿಗುತ್ತದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೋಸ್ 2004ರಲ್ಲಿ ಪ್ರಕಟಿಸಿದ್ದು. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಒಳ್ಳೆಯ ದಿನಗಳು ಕೆಟ್ಟ ದಿನಗಳಿಗಿಂತ ಜಾಸ್ತಿ ಇವೆಯೇ, ಹೀಗೆ 7 ವಿಷಯ. ಪ್ರತಿಯೊಂದಕ್ಕೂ 0ಯಿಂದ 10 ಅಂಕ. ಒಟ್ಟು 70ರಲ್ಲಿ 35 ದಾಟಿದರೆ ಆರೈಕೆ ಮುಂದುವರಿಸಬಹುದು ಎಂದು ಅವರ ಲೆಕ್ಕ. ನನಗೆ ಇದು ಇಷ್ಟವಾಗುವುದು ಯಾಕೆಂದರೆ, ಓಡಾಟಕ್ಕೆ ಸೊನ್ನೆ ಹಾಕಿದರೂ ಉಳಿದ 6 ವಿಷಯದಲ್ಲಿ ನಾಯಿ 60ರವರೆಗೆ ಗಳಿಸಬಹುದು. ನಡೆಯಲು ಬಾರದ ನಾಯಿಗೆ ಬದುಕೇ ಇಲ್ಲ ಅನ್ನುವವರಿಗೆ ಉತ್ತರ ಅಲ್ಲೇ ಇದೆ. ಹಾಗೆಯೇ ಏನಾದರೂ ಸರಿ ಉಳಿಸಿ ಅನ್ನುವವರಿಗೂ ಇದೆ. ನಾವು ಚುಕ್ಕಿಗೆ ಪ್ರತಿ ತಿಂಗಳು ಅಂಕ ಹಾಕುತ್ತೇವೆ, ನಾನೊಂದು ಚೀಟಿ, ಆಕೆಯೊಂದು ಚೀಟಿ, ಒಬ್ಬರದನ್ನು ಒಬ್ಬರು ನೋಡದೆ. ಶುಚಿಗೆ ನಾನು ಯಾವಾಗಲೂ ಜಾಸ್ತಿ ಕೊಡುತ್ತೇನೆ. ಒಗೆಯುವವಳು ಆಕೆ, ಅದಕ್ಕೇ ಇರಬೇಕು. ಇಂಥದ್ದೊಂದು ಅಳತೆ, ಅದನ್ನು ನೋಡಿ ತೀರ್ಮಾನಿಸುವ ಡಾಕ್ಟರ ಹೆಸರು, ಸಂಸ್ಥೆಯ ಒಬ್ಬರ ಹೆಸರು, ಇಷ್ಟನ್ನು ಕರಾರಿನಲ್ಲೇ ಬರೆದಿಟ್ಟರೆ ಇನ್ನೊಂದು ರಾಜ ಹಾಗೆ ಕಾಯಬೇಕಿಲ್ಲ.

ಇನ್ನು ಓದುಗರಿಗೆ. ನಾಯಿ ಸಾಕಲು ಮನೆ ಮಾಲೀಕರು ಬಿಡುವುದಿಲ್ಲ, ಮಗು ಚಿಕ್ಕದು, ಕೆಲಸದ ಮೇಲೆ ಊರೂರು ತಿರುಗುತ್ತೇನೆ ಅನ್ನುವವರು ದತ್ತು ಲೇಖನ ಓದಿ ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತೀರಿ. ನಿಮ್ಮ ಮನೆಗೆ ನಾಯಿ ಬರಬೇಕಾಗಿಯೇ ಇಲ್ಲ. ನೀವೇ ನಾಯಿ ಇರುವ ಮನೆಗೆ ಹೋಗಿ. ಉಚ್ಚೆ ಒತ್ತಲು ಹಿಂಜರಿಕೆಯಾದರೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಬೇಕಾದ ನಾಯಿಯನ್ನು ಒಪ್ಪಿಕೊಳ್ಳಿ, ಅದಕ್ಕೆ ಅಲಾರಂ ಇಟ್ಟುಕೊಳ್ಳಲು ಬಂದರೆ ಸಾಕು. ಒತ್ತುವುದೂ ಕಲಿಯಲಾಗದ ವಿದ್ಯೆಯಲ್ಲ. ಡಾಕ್ಟರು ಕೈ ಹಿಡಿದು ತೋರಿಸಿದ ಮೇಲೆ, ಎದುರುಮನೆಯ ಕಾಲೇಜು ಹುಡುಗಿ ನನಗಿಂತ ಬೇಗ ಕಲಿತಳು. ಈಗ ಪರೀಕ್ಷೆ ಇಲ್ಲದ ದಿನ ಸಂಜೆಯ ಪಾಳಿ ಅವಳದು. "ಅಂಕಲ್, ನೀವು ತುಂಬಾ ಮುಂದೆ ಕೈ ಇಡ್ತೀರ" ಅಂತ ನನಗೇ ಹೇಳುತ್ತಾಳೆ. ಆಸ್ಪತ್ರೆಗೆ ಹೋಗುವಾಗ ಕಾರು ಓಡಿಸಿಕೊಟ್ಟರೂ ಉಪಕಾರವೇ. ನಡೆಯಲಾಗದ ದೊಡ್ಡ ನಾಯಿಯನ್ನು ವಯಸ್ಸಾದವರು ಒಬ್ಬರೇ ಎತ್ತಿ ಕೂರಿಸುವುದು ಎಷ್ಟು ಕಷ್ಟ ಅಂತ ನೋಡಿದವರಿಗೇ ಗೊತ್ತು.

ಕೊನೆಯದಾಗಿ ನಿಮಗೊಂದು ವಿನಂತಿ, ಸಂಪಾದಕರೇ. ದತ್ತು ಕೊಡುವ ನಾಯಿಗಳ ಫೋಟೊ ಹಾಕುವಾಗ ಕೆಳಗೆ ಎರಡು ಸಾಲು ಜಾಸ್ತಿ ಜಾಗ ಕೊಡಿ. ದತ್ತು ಹೋಗಲಾರದ ನಾಯಿಯಾದರೆ ದೀರ್ಘಕಾಲದ ಫಾಸ್ಟರ್ ಬೇಕಾಗಿದ್ದಾರೆ ಎಂದು ನೇರವಾಗಿ ಹಾಕಿ. ಖರ್ಚು ಯಾರದು ಅನ್ನುವುದನ್ನೂ ಹಾಕಿ. ಈಗಾಗಲೇ ಮನೆಯಲ್ಲಿರುವ ನಾಯಿಯಾದರೆ ಬದಲಿ ಆಳು ಬೇಕಾಗಿದ್ದಾರೆ ಎಂದು ಹಾಕಿ. ಮನಸ್ಸಿರುವ ಓದುಗರು ಅಷ್ಟರವರೆಗೆ ಕಾಯುವುದು ಬೇಡ. ಗೊತ್ತಿರುವ ಸಂಸ್ಥೆಗೆ ಫೋನ್ ಮಾಡಿ, "ನನಗೆ ನಾಯಿ ಬೇಡ, ತಿಂಗಳಿಗೆ ಎರಡು ದಿನ ಕೊಡುತ್ತೇನೆ, ಯಾರ ಮನೆಗೆ ಹೋಗಲಿ" ಎಂದು ಕೇಳಲಿ. ಅವರ ಹತ್ತಿರ ಇವತ್ತು ಅಂಥ ಪಟ್ಟಿ ಇಲ್ಲದಿರಬಹುದು. ನಾಲ್ಕು ಜನ ಕೇಳಿದರೆ ಮಾಡುತ್ತಾರೆ.

ಇಂತಿ,
ನಿಮ್ಮ ಓದುಗ

(ಹೆಸರು, ವಿಳಾಸ ಪ್ರಕಟಿಸಬೇಡಿ. ಗೊತ್ತಾದರೆ ರಾತ್ರೋರಾತ್ರಿ ಗೇಟಿಗೆ ನಾಯಿ ಕಟ್ಟಿ ಹೋಗುವವರು ಇದ್ದಾರೆ.)